ಕಛೇರಿ ಮುಗಿದ ಮೇಲೆ ನಾವು ಆಡುವ ಮಾತು

ಕಳೆದ ಡಿಸೆಂಬರಿನ ಒಂದು ಶನಿವಾರ, ಪುಣೆಯ ಕರ್ವೆ ರಸ್ತೆಗೆ ಹತ್ತಿರವಿರುವ ಚಿಕ್ಕ ಸಭಾಂಗಣವೊಂದರಲ್ಲಿ, ಧಾರವಾಡದಲ್ಲಿ ಕಲಿತು ಈಗ ಇಲ್ಲಿಯೇ ನೆಲೆಸಿರುವ ಯುವ ಗಾಯಕಿಯೊಬ್ಬರು ಮಾರವಾ ರಾಗದಿಂದ ಕಛೇರಿಯನ್ನು ಆರಂಭಿಸಿದರು. ಹೊರಗೆ ಸೂರ್ಯ ಮುಳುಗುತ್ತಿದ್ದ ಹೊತ್ತು. ರಾಗಕ್ಕೆ ಒಪ್ಪುವ ಹೊತ್ತೂ ಅದೇ. ಅವರ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಹೆಸರು ಬಂದ ಕೂಡಲೇ ಮಾತು ಹಾಡನ್ನು ಬಿಟ್ಟು ಹಾಡುವವರ ಕಡೆಗೆ ಹೊರಳುತ್ತದೆ. ನಾನು ಹೇಳಬೇಕೆಂದಿರುವುದು ಆ ಸಂಜೆ ಏನು ಕೇಳಿಸಿತು, ಆಮೇಲೆ ನಾವು ಅದರ ಬಗ್ಗೆ ಏನು ಮಾತನಾಡಿದೆವು ಎಂಬುದರ ಬಗ್ಗೆ.

ಮಾರವಾದಲ್ಲಿ ಪಂಚಮವಿಲ್ಲ, ಎಂದರೆ ಸರಿಗಮಪದನಿಯ ಪ ಇಲ್ಲ. ಕೋಮಲ ರಿಷಭ ಮತ್ತು ಶುದ್ಧ ಧೈವತ ಇವೆರಡೇ ಅದರ ಪ್ರಾಣ. ಆಧಾರ ಸ್ವರವಾದ ಷಡ್ಜವನ್ನು ಮುಟ್ಟುವುದನ್ನು ಹಾಡುವವರು ಆದಷ್ಟು ಮುಂದೂಡುತ್ತಾರೆ. ತಂಬೂರಿಯ ಮೊದಲ ತಂತಿಯನ್ನು ಅವರು ನಿಷಾದಕ್ಕೆ ಶ್ರುತಿ ಮಾಡಿಕೊಂಡಿದ್ದರು. ನಿಧಾನಗತಿಯ ವಿಲಂಬಿತ ಏಕತಾಳದಲ್ಲಿ ಹಾಡಿನ ಸಾಹಿತ್ಯವಾದ ಬಂದಿಶ್ ಹಿಡಿದ ಮೇಲೂ, ಸುಮಾರು ಹತ್ತು ನಿಮಿಷಗಳ ಕಾಲ ರಿಷಭದ ಸುತ್ತ, ನಿಷಾದದ ಕೆಳಗೆ, ಕೆಳಸ್ಥಾಯಿಯಾದ ಮಂದ್ರದ ಧೈವತದ ಆಳದಲ್ಲಿ ಸುಳಿದಾಡುತ್ತ, ಮನೆಯ ಬಾಗಿಲವರೆಗೆ ಬಂದು ಒಳಗೆ ಕಾಲಿಡದೆ ಮರಳಿ ಹೋಗುವವರಂತೆ ಷಡ್ಜವನ್ನು ತಪ್ಪಿಸುತ್ತಲೇ ಹೋದರು. ಕೊನೆಗೊಮ್ಮೆ ಷಡ್ಜದ ಮೇಲೆ ಬಂದು ನಿಂತಾಗ ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರ ಅಂಗೈ ತಾನಾಗಿಯೇ ಅವರ ಮೊಣಕಾಲಿನ ಮೇಲೆ ಇಳಿಯಿತು. ಸಭೆಯಲ್ಲಿ ಒಂದು ಚಪ್ಪಾಳೆಯೂ ಬರಲಿಲ್ಲ. ಉಸಿರು ಬಿಟ್ಟ ಸದ್ದು ಮಾತ್ರ ಕೇಳಿಸಿತು.

ನಲವತ್ತು ನಿಮಿಷಗಳ ಮಾರವಾದ ನಂತರ ಅವರು ಮಧ್ಯಲಯದಲ್ಲಿ ಇನ್ನೊಂದು ರಾಗ ಹಾಡಿ, ಅದರ ಬೆನ್ನಿಗೇ ಅರ್ಥವಿಲ್ಲದ ಅಕ್ಷರಗಳನ್ನು ಜೋಡಿಸಿ ಹಾಡುವ ವೇಗದ ಒಂದು ತರಾನಾ ಎತ್ತಿಕೊಂಡರು. ಅಲ್ಲಿ ಚಪ್ಪಾಳೆ ಬಂತು, ಮೊಬೈಲುಗಳು ಮೇಲೆದ್ದವು. ತರಾನಾ ಚೆನ್ನಾಗಿಯೇ ಇತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ.

ಕಛೇರಿ ಮುಗಿದ ಮೇಲೆ ನಾವು ಐದು ಜನ ಕನ್ನಡಿಗರು ಎಂದಿನಂತೆ ಹತ್ತಿರದ ಅಮೃತತುಲ್ಯದಲ್ಲಿ ಚಹಾಕ್ಕೆ ನಿಂತೆವು. ಒಬ್ಬರು "ಭಾರೀ ಆತು" ಎಂದರು. ಇನ್ನೊಬ್ಬರು ತಾವು ಹಿಡಿದ ತರಾನಾದ ವಿಡಿಯೊ ತೋರಿಸಿದರು. ಮೂರನೆಯವರು ಅದನ್ನು ತಮಗೂ ಕಳಿಸಲು ಹೇಳಿದರು. ನಮ್ಮೊಳಗೆ ಎಲ್ಲರಿಗಿಂತ ಹಿರಿಯರಾದ, ನಾವೆಲ್ಲ ಕಾಕಾ ಎಂದೇ ಕರೆಯುವ ಹುಬ್ಬಳ್ಳಿಯವರು ಗ್ಲಾಸನ್ನು ಕೆಳಗಿಟ್ಟು, "ಅದೆಲ್ಲ ಇರ್ಲಿ. ಮಾರವಾದಾಗ ನಡುವ ಒಂದ್ಸಲ ಪೂರಿಯಾ ಬಂತಲ್ಲ, ಯಾರಿಗರ ಗೊತ್ತಾತೇನು?" ಎಂದು ಕೇಳಿದರು.

ಯಾರಿಗೂ ಗೊತ್ತಾಗಿರಲಿಲ್ಲ. ನಾನು ಒಪ್ಪಲೂ ಇಲ್ಲ. ಮಾರವಾ, ಪೂರಿಯಾ ಎರಡಕ್ಕೂ ಸ್ವರಗಳು ಒಂದೇ: ಕೋಮಲ ರಿಷಭ, ತೀವ್ರ ಮಧ್ಯಮ, ಉಳಿದವು ಶುದ್ಧ, ಪಂಚಮ ವರ್ಜ್ಯ. ಮಾರವಾ ರಿಷಭ-ಧೈವತಗಳ ಮೇಲೆ ನಿಂತರೆ ಪೂರಿಯಾ ಗಾಂಧಾರ-ನಿಷಾದಗಳ ಮೇಲೆ ನಿಲ್ಲುತ್ತದೆ. ಒಂದರಲ್ಲಿ ಮುಸ್ಸಂಜೆಯ ತಳಮಳ, ಇನ್ನೊಂದರಲ್ಲಿ ಕತ್ತಲಾದ ಮೇಲಿನ ಗಾಂಭೀರ್ಯ. ಅದೇ ಸ್ವರಗಳನ್ನು ಮೇಲಿನ ತಾರಸ್ಥಾಯಿಗೆ ಒಯ್ದು ಚುರುಕಾಗಿ ಹಾಡಿದರೆ ಸೋಹನಿ ಎಂಬ ಇನ್ನೊಂದು ರಾಗ. ಗಾಂಧಾರದ ಮೇಲೆ ಎರಡು ಕ್ಷಣ ಹೆಚ್ಚು ನಿಂತ ಮಾತ್ರಕ್ಕೆ ರಾಗ ಬದಲಾಗಿಬಿಡುತ್ತದೆಯೇ ಎಂದು ನಾನು ವಾದಿಸಿದೆ. ಹೌದು, ನಿಂತ ಜಾಗವೇ ರಾಗ ಎಂದು ಕಾಕಾ ಪಟ್ಟು ಹಿಡಿದರು. ಮೂರನೆಯ ಚಹಾ ಮುಗಿದರೂ ಜಗಳ ಮುಗಿಯಲಿಲ್ಲ. ಮನೆಗೆ ಹೋಗಿ ತಂಬೂರಿಯ ಯಂತ್ರ ಹಚ್ಚಿಕೊಂಡು ಆ ಸ್ವರಗಳನ್ನು ಗುನುಗಿ ನೋಡಿದಾಗ, ಕಾಕಾ ಹೇಳಿದ್ದು ಅರ್ಧದಷ್ಟಾದರೂ ನಿಜವೆಂದು ನನಗೆ ಅನ್ನಿಸಿತು. ಆ ಸಂಜೆಯ ಸಂಗೀತವನ್ನು ನಾನು ನಿಜವಾಗಿ ಕೇಳಿದ್ದು ಆಗಲೇ ಇರಬೇಕು, ರಾತ್ರಿ ಹನ್ನೊಂದರ ಸುಮಾರಿಗೆ.

ಇಷ್ಟೇ ಆಗಿದ್ದರೆ ಈ ಬರಹಕ್ಕೆ ಕಾರಣವಿರಲಿಲ್ಲ. ನಾವು ಅಮೃತತುಲ್ಯಕ್ಕೆ ಹೋಗುವ ಮೊದಲು ಸಭಾಂಗಣದ ಬಾಗಿಲಲ್ಲಿ ಆ ಗಾಯಕಿಯನ್ನು ಮಾತನಾಡಿಸಿದ್ದೆವು. ನಮ್ಮಲ್ಲಿ ಇಬ್ಬರು ತರಾನಾವನ್ನು ಮನಸಾರೆ ಹೊಗಳಿದರು. ಅವರು ವಿನಯದಿಂದ ನಕ್ಕು, "ಎಲ್ಲಾರೂ ತರಾನಾದ್ದನ್ನ ಹೇಳಾಕತ್ತಾರ್ರಿ" ಎಂದರು. ನಾನು ಮಾರವಾದ ಬಗ್ಗೆ ಏನಾದರೂ ಹೇಳಬೇಕೆಂದುಕೊಂಡೆ, ಹಿಂದೆ ಜನ ಕಾಯುತ್ತಿದ್ದರು, ಸರಿಯಾದ ಮಾತೂ ಒದಗಲಿಲ್ಲ, ಕೈಮುಗಿದು ಹೊರಬಂದೆ. ಎರಡು ತಿಂಗಳ ನಂತರ ಕೆಲಸದ ಮೇಲೆ ಮುಂಬಯಿಗೆ ಹೋದಾಗ ದಾದರಿನಲ್ಲಿ ಅವರದೇ ಕಛೇರಿಯಿತ್ತು. ಮತ್ತೆ ಅದೇ ಮಾರವಾ ಹಾಡಿದರು. ಈ ಸಲ ವಿಲಂಬಿತ ಹದಿನೆಂಟೇ ನಿಮಿಷ. ಷಡ್ಜ ತಾಳದ ಮೊದಲ ಆವರ್ತನದಲ್ಲಿಯೇ, ಎಂದರೆ ಮೊದಲ ಸುತ್ತಿನಲ್ಲಿಯೇ, ಬಂದುಬಿಟ್ಟಿತು. ತರಾನಾ ಮೊದಲಿಗಿಂತ ಎರಡರಷ್ಟು ಉದ್ದವಾಗಿತ್ತು, ತಬಲಾದವರೊಂದಿಗೆ ಪ್ರಶ್ನೋತ್ತರದಂಥ ಸವಾಲ್-ಜವಾಬೂ ಸೇರಿಕೊಂಡಿತ್ತು.

ಅವರು ಹಾಗೆ ಮಾಡಿದ್ದಕ್ಕೆ ಆಯೋಜಕರು ಕೊಟ್ಟ ಸಮಯವೂ ಕಾರಣವಿರಬಹುದು, ಅಂದಿನ ಗಂಟಲೂ ಕಾರಣವಿರಬಹುದು. ಆದರೆ ಅದರಲ್ಲಿ ನಮ್ಮ ಪಾಲೂ ಇದೆಯೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕಲಾವಿದರಿಗೆ ತಲುಪುವುದು ನಾವು ಬಾಯಿಬಿಟ್ಟು ಹೇಳಿದ ಮಾತು, ಹಂಚಿಕೊಂಡ ವಿಡಿಯೊ ಮತ್ತು ಚಪ್ಪಾಳೆ, ಈ ಮೂರೇ. ಮಾರವಾದ ಷಡ್ಜಕ್ಕಾಗಿ ನಾವು ಬಿಟ್ಟ ಉಸಿರು ವೇದಿಕೆಯವರೆಗೆ ಮುಟ್ಟುವುದಿಲ್ಲ. ಕಛೇರಿಯಿಂದ ಹೊರಬಂದ ಕೇಳುಗರು ಏನನ್ನು ಹೇಳುತ್ತಾರೋ ಅದೇ ಮುಂದಿನ ಕಛೇರಿಯಲ್ಲಿ ಬೆಳೆಯುತ್ತದೆ, ಹೇಳದೆ ಬಿಟ್ಟದ್ದು ಸೊರಗುತ್ತದೆ.

ಒಂದು ಸಣ್ಣ ಲೆಕ್ಕವನ್ನು ಗಮನಿಸಿ. ಏಕತಾಳಕ್ಕೆ 12 ಮಾತ್ರೆ, ಎಂದರೆ 12 ಎಣಿಕೆ. ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ಅತಿವಿಲಂಬಿತದಲ್ಲಿ ಒಂದು ಮಾತ್ರೆಗೆ ನಾಲ್ಕು ಸೆಕೆಂಡು ಹಿಡಿದರೂ ಒಂದು ಆವರ್ತನ ಮುಗಿಯಲು 48 ಸೆಕೆಂಡು ಬೇಕು. ನಾವು ಒಬ್ಬರಿಗೊಬ್ಬರು ಕಳಿಸುವ ವಿಡಿಯೊ ಹೆಚ್ಚಾಗಿ ಮೂವತ್ತು ಸೆಕೆಂಡಿನದು. ಅದರಲ್ಲಿ ಒಂದು ಪೂರ್ಣ ಆವರ್ತನವೂ ಹಿಡಿಸುವುದಿಲ್ಲ. ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬಂದು ಸೇರುವ ಮುಖಡಾ, ಎಂದರೆ ಬಂದಿಶ್‌ನ ಮೊದಲ ತುಣುಕು, ಸಿಕ್ಕರೆ ಅದೇ ಅದೃಷ್ಟ. ಮೂವತ್ತು ಸೆಕೆಂಡಿನಲ್ಲಿ ಹಿಡಿಸುವುದು ಸರಗಮ್, ವೇಗದ ದ್ರುತದ ತಾನ, ಒಂದೇ ತುಣುಕನ್ನು ಮೂರು ಸಲ ಹೇಳಿ ಮುಗಿಸುವ ತಿಹಾಯಿ. ಹೀಗಾಗಿ ಅವೇ ಊರೆಲ್ಲ ಸುತ್ತುತ್ತವೆ. ಇದು ಹೊಸ ತೊಡಕೇನೂ ಅಲ್ಲ ಎನ್ನುವವರಿದ್ದಾರೆ, ಅದು ನಿಜವೂ ಹೌದು: 78 ಸುತ್ತಿನ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು-ಮೂರೂವರೆ ನಿಮಿಷ ಮಾತ್ರ ಹಿಡಿಸುತ್ತಿತ್ತು, ಅದೇ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಂಗೀತ ನಮಗೆ ಉಳಿದಿರುವುದೂ ಅಂಥ ತುಣುಕುಗಳಲ್ಲಿಯೇ. ಆದರೆ ಆ ಮೂರು ನಿಮಿಷದ ಆಚೆಗೆ ಅವರ ಬೈಠಕ್ಕು ಹೇಗಿತ್ತು, ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಂತರು ಎಂಬುದನ್ನು ಕೇಳಿದವರು ಹೇಳಿದರು, ಅವರಿಂದ ಕೇಳಿದವರು ಇನ್ನೊಬ್ಬರಿಗೆ ಹೇಳಿದರು. ತಟ್ಟೆಯಲ್ಲಿ ಹಿಡಿಸದ ಸಂಗೀತ ಕೇಳುಗರ ಮಾತಿನಲ್ಲಿ ಹಿಡಿಸಿತು. ಇಂದು ವಿಡಿಯೊ ಕಳಿಸಿ ನಾವು ಮಾತನ್ನೇ ನಿಲ್ಲಿಸಿಬಿಟ್ಟಿದ್ದೇವೆ.

ಪುಣೆಯ ಕನ್ನಡಿಗರು ಈ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರದಿಂದ ಇರಬೇಕೆಂದು ನನಗೆ ಅನ್ನಿಸಲು ಕಾರಣವಿದೆ. ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು, 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಶಿಷ್ಯ ಭೀಮಸೇನ ಜೋಶಿಯವರು ಇಲ್ಲಿ ಗುರುಗಳ ನೆನಪಿನ ಸಂಗೀತೋತ್ಸವವನ್ನು ಆರಂಭಿಸಿದರು. ಈಗ ಅದು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಗದಗ ಸೀಮೆಯ ಹುಡುಗ ಕುಂದಗೋಳದ ಗುರುಮನೆಯಲ್ಲಿ ನೀರು ಹೊತ್ತು ಕಲಿತದ್ದೂ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಅದೇ ಮನೆಗೆ ಪಾಠಕ್ಕೆ ಹೋಗುತ್ತಿದ್ದದ್ದೂ ನಮ್ಮ ಕಡೆಯವರಿಗೆ ಗೊತ್ತಿರುವ ಸಂಗತಿಗಳೇ. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ, ಹೀಗೆ ಕೆಲವೇ ರಾಗಗಳನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿದ್ದಿ ತಿದ್ದಿ ಹೇಳಿಕೊಟ್ಟ ಮನೆ ಅದು. ಒಂದೊಂದು ಸ್ವರವನ್ನು ಬೆಳೆಸುತ್ತ ಮೇಲೇರುವ ಬಢತ್ತು ಆ ತಾಳ್ಮೆಯಿಂದ ಹುಟ್ಟಿತು. ಒಂದೇ ಗುರುವಿನಿಂದ ಕಲಿತ ಗಂಗೂಬಾಯಿ, ಭೀಮಸೇನ, ಫಿರೋಜ್ ದಸ್ತೂರ್ ಮೂವರ ದನಿಯೂ ದಾರಿಯೂ ಬೇರೆಬೇರೆಯಾದವು. ಆ ಬೇರೆತನವನ್ನು ಗುರುತಿಸಿ ಮಾತನಾಡಬಲ್ಲ ಕೇಳುಗರು ಆಗ ಈ ಊರಿನಲ್ಲಿದ್ದರು.

ರಾತ್ರಿಯ ಮಾತನ್ನೂ ಇಲ್ಲಿ ಹೇಳಬೇಕು. ಒಂದು ಕಾಲಕ್ಕೆ ಈ ಉತ್ಸವ ಅಹೋರಾತ್ರಿ ನಡೆಯುತ್ತಿತ್ತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕ ಹಚ್ಚುವಂತಿಲ್ಲ, ಕೆಲವೇ ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಸಿಗಬಹುದು. ನಿಯಮ ನ್ಯಾಯವಾದದ್ದೇ, ಸುತ್ತಲಿನ ಮನೆಗಳಲ್ಲಿ ರೋಗಿಗಳಿರುತ್ತಾರೆ, ಮಕ್ಕಳಿರುತ್ತಾರೆ. ಆದರೆ ಅದರಿಂದ ಒಂದಿಡೀ ಪ್ರಹರದ ರಾಗಗಳು ವೇದಿಕೆಯ ಕೈತಪ್ಪಿದವು. ನಸುಕಿನಲ್ಲಿ ಎದುರಿಗೆ ಕುಳಿತು ಲಲಿತ್ ರಾಗ ಕೇಳಿದವರು ಇಂದು ಐವತ್ತು ದಾಟಿದವರು, ಇಲ್ಲವೇ ದೀಪಾವಳಿಯ ಪಹಾಟ್, ಎಂದರೆ ನಸುಕಿನ, ಕಛೇರಿಗಳಿಗೆ ತಪ್ಪದೆ ಹೋಗುವವರು. ನಾನು ಎರಡನೆಯ ಗುಂಪಿನವನು. ಎರಡು ಮಧ್ಯಮಗಳೂ ಒಂದರ ಪಕ್ಕ ಒಂದು ಬರುವ ಆ ರಾಗವನ್ನು ಹೋದ ದೀಪಾವಳಿಯಲ್ಲಿ ಬೆಳಗಿನ ಆರು ಗಂಟೆಗೆ, ಸ್ವೆಟರಿನೊಳಗೆ ಕೈ ಹುದುಗಿಸಿಕೊಂಡು ಕೇಳಿದಾಗ, ಮಧ್ಯಾಹ್ನ ಮನೆಯಲ್ಲಿ ಅದರ ಧ್ವನಿಮುದ್ರಣ ಕೇಳಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆನ್ನಿಸಿತು. ಅಹೋರಾತ್ರಿ ಕೂತು ಕೇಳಿದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ನಾಲ್ಕು ಗಂಟೆಯ ಚಳಿಯಲ್ಲಿ ಯಾವ ರಾಗ ಹೇಗೆ ಬಿಚ್ಚಿಕೊಂಡಿತೆಂದು ಅವರಿಂದ ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ನಾವು ಈ ವರ್ಷವೇ ಮಾಡಬೇಕು.

ಇನ್ನೊಂದು ವಿಷಯ ನನ್ನನ್ನು ಬಹಳ ನೋಯಿಸುತ್ತದೆ. ಈ ಚಳಿಗಾಲದಲ್ಲಿ ಬಯಲಿನ ಕಛೇರಿಯೊಂದರಲ್ಲಿ ಗಾಯಕರು ಎರಡನೆಯ ರಾಗಕ್ಕೆ ಮೊದಲು ತಂಬೂರಿಗಳನ್ನು ಮತ್ತೆ ಶ್ರುತಿ ಮಾಡಿಕೊಳ್ಳುತ್ತಿದ್ದಾಗ, ನನ್ನ ಹಿಂದಿನ ಸಾಲಿನವರು "ಇವರಿಗೆ ಮನೆಯಲ್ಲೇ ಸರಿಮಾಡಿಕೊಂಡು ಬರಲು ಏನಾಗಿತ್ತು" ಎಂದು ಗಟ್ಟಿಯಾಗಿ ಗೊಣಗಿ ಎದ್ದುಹೋದರು. ಕತ್ತಲಾಗಿ ಚಳಿ ಏರಿದಂತೆ ಉಕ್ಕಿನ ತಂತಿ ಕುಗ್ಗಿ ಬಿಗಿಯಾಗುತ್ತದೆ, ಅದರ ಸ್ವರ ಏರುತ್ತದೆ. ತಬಲಾದ ಚರ್ಮ ಇಬ್ಬನಿಯ ತೇವವನ್ನು ಹೀರಿ ಸಡಿಲವಾಗುತ್ತದೆ, ಅದರ ಸ್ವರ ಇಳಿಯುತ್ತದೆ. ಎರಡೂ ವಿರುದ್ಧ ದಿಕ್ಕಿಗೆ ಸರಿಯುವಾಗ ಕಲಾವಿದರು ನಿಲ್ಲಿಸಿ ಸರಿಪಡಿಸದಿದ್ದರೆ ಮುಂದಿನ ಒಂದು ಗಂಟೆ ನಾವೇ ಅಪಸ್ವರ ಕೇಳಬೇಕಾಗುತ್ತದೆ. ಆ ಐದು ನಿಮಿಷ ಕಛೇರಿಯ ವಿರಾಮವಲ್ಲ, ಕಛೇರಿಯೇ. ನಾಲ್ಕು ತಂತಿಗಳು ಒಂದಾಗಿ, ತಂಬೂರಿಯ ಝೇಂಕಾರವಾದ ಜವಾರಿ ಸರಿಯಾಗಿ ಬಿಚ್ಚಿಕೊಂಡಾಗ, ಯಾರೂ ಮೀಟದ ಗಾಂಧಾರವೊಂದು ಷಡ್ಜದ ತಂತಿಯೊಳಗಿಂದ ತಾನಾಗಿ ಕೇಳಿಸತೊಡಗುತ್ತದೆ. ನನ್ನ ಮಗಳು ಹನ್ನೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಅದನ್ನು ಗುರುತಿಸಿ, "ಅಪ್ಪಾ, ಅಲ್ಲಿ ಮತ್ತ್ಯಾರೋ ಹಾಡಾಕತ್ತಾರ" ಎಂದು ಕಿವಿಯಲ್ಲಿ ಹೇಳಿದಳು. ನಾನು ಈ ವರ್ಷ ಕೇಳಿದ ಎಲ್ಲ ವಿಮರ್ಶೆಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಅದೇ.

ಅನಿಸಿಕೆ ಹೇಳುವುದೆಂದರೆ ಶಾಸ್ತ್ರ ಬಲ್ಲವರ ಸೊತ್ತು ಎಂದು ಹಿಂಜರಿಯುವ ಗೆಳೆಯರಿಗೆ ನಾನು ಮಗಳ ಈ ಮಾತನ್ನು ನೆನಪಿಸುತ್ತೇನೆ. ರಾಗದ ಹೆಸರು ಗೊತ್ತಿರಬೇಕಾಗಿಲ್ಲ. ಎಲ್ಲಿ ಮೈ ಝುಮ್ಮೆಂದಿತು, ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತು, ಯಾವ ಸಾಲು ಮನೆಯವರೆಗೆ ಹಿಂಬಾಲಿಸಿ ಬಂತು ಎಂದು ಹೇಳಿದರೆ ಸಾಕು. ಕೊನೆಗೆ ಪುರಂದರದಾಸರ ಪದವೊಂದನ್ನು ಹಾಡಿದಾಗ ಪಕ್ಕದ ಮರಾಠಿ ಅಜ್ಜಿ ಅರ್ಥ ಕೇಳಿದರು, ಹೇಳಿದ ಮೇಲೆ ಅವರ ಕಣ್ಣು ತುಂಬಿತು ಎಂಬುದೂ ಕಛೇರಿಯ ವರದಿಯೇ. ಸೇರದಿದ್ದುದನ್ನೂ ಹೇಳಬೇಕು, ಗೌರವದಿಂದ ಹೇಳಬೇಕು. ಪ್ರತಿಯೊಂದನ್ನೂ ಅದ್ಭುತವೆಂದರೆ, ಹತ್ತು ನಿಮಿಷ ಷಡ್ಜವನ್ನು ತಡೆದು ನಿಲ್ಲಿಸಿದವರಿಗೂ ಮೊದಲ ಆವರ್ತನದಲ್ಲೇ ಅದನ್ನು ಕೊಟ್ಟುಬಿಟ್ಟವರಿಗೂ ನಾವು ಒಂದೇ ಬೆಲೆ ಕಟ್ಟಿದಂತಾಗುತ್ತದೆ.

ದಾದರಿನ ಕಛೇರಿಯಿಂದ ಮರಳಿದ ವಾರ ನಾನು ಆ ಗಾಯಕಿಗೆ ಒಂದು ಪತ್ರ ಬರೆದೆ. ಡಿಸೆಂಬರಿನ ಮಾರವಾದಲ್ಲಿ ಷಡ್ಜಕ್ಕೆ ಬಂದ ಆ ಗಳಿಗೆಯನ್ನು, ಪಕ್ಕದ ಹಿರಿಯರ ಅಂಗೈಯನ್ನು, ಕಾಕಾರ ಪೂರಿಯಾದ ತಕರಾರನ್ನು, ಅದರಲ್ಲಿ ನಾನು ಅರ್ಧ ಸೋತದ್ದನ್ನು ಎರಡು ಪುಟಗಳಲ್ಲಿ ವಿವರಿಸಿದೆ. ಉತ್ತರ ಬಂದಿತು. ಪೂರಿಯಾದ ನೆರಳು ಬಿದ್ದದ್ದು ತಮಗೂ ಹಾಡುವಾಗಲೇ ತಿಳಿದಿತ್ತೆಂದೂ, ಕಾಕಾ ಅವರನ್ನು ಒಮ್ಮೆ ಭೇಟಿಯಾಗಬೇಕೆಂದೂ ಬರೆದಿದ್ದರು. ಬರುವ ಭಾನುವಾರ ಸಂಜೆ ಐದೂವರೆಗೆ ಕೋಥರೂಡಿನ ಗೆಳೆಯರೊಬ್ಬರ ಮನೆಯಲ್ಲಿ, ಮೈಕು ಇಲ್ಲದೆ, ಇಪ್ಪತ್ತೈದು ಜನರೆದುರು ಅವರು ಹಾಡಲಿದ್ದಾರೆ. ಕಾಕಾ ಆಗಲೇ ಮುಂದಿನ ಸಾಲಿನ ಜಾಗ ಹಿಡಿದಿಟ್ಟಿದ್ದಾರೆ.