ಬಾಯಿ ಹುಣ್ಣಾದವರಿಗೆ ಬರೀ ಗಂಜಿ ಸಾಲದು

ಬಾಯಿ ಹುಣ್ಣು ಎಂದ ಕೂಡಲೇ ನಮ್ಮ ಮನೆಗಳಲ್ಲಿ ಒಲೆಗೆ ಏರುವುದು ಗಂಜಿ. ಒಂದೆರಡು ದಿನಕ್ಕೆ ಸರಿಯೇ. ಆದರೆ ಕ್ಯಾನ್ಸರಿಗೆ ಕೀಮೋ, ರೇಡಿಯೇಷನ್ ತೆಗೆದುಕೊಂಡವರ ಬಾಯಿ ನೋವು ವಾರಗಟ್ಟಲೆ ಇರುತ್ತದೆ. ಅಷ್ಟು ದಿನ ತಿಳಿಗಂಜಿ ಕುಡಿಸಿದರೆ ಹುಣ್ಣು ಮಾಯಲು ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು? ತೂಕ ಇಳಿಯುತ್ತದೆ, ನಿತ್ರಾಣವಾಗುತ್ತದೆ.

ಕೊಡಗಿನ ಅಡುಗೆಮನೆಯಲ್ಲಿ ಮೆತ್ತಗಿನ ತಿಂಡಿಗೆ ಬರವಿಲ್ಲ. ಉರಿ ತರುವುದು ಪುಟ್ಟು ಎಂಬ ಅಕ್ಕಿಯ ಹಬೆತಿಂಡಿಯಲ್ಲ, ಅದರ ಜೊತೆಗಿನ ಕರಿ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಕರಿಮೆಣಸು, ಗಾಂಧಾರಿ ಮೆಣಸು ಮೂರನ್ನೂ ಪೂರ್ತಿ ಬಿಡಿ. 'ಚೂರೇ ಚೂರು ಹಾಕಿದ್ದೇನೆ' ಅಂದರೂ ಹುಣ್ಣಿಗೆ ತಿಳಿಯುತ್ತದೆ.

ಪಾಪುಟ್ಟನ್ನೇ ತೆಗೆದುಕೊಳ್ಳಿ. ಒಂದು ಲೋಟ ಅಕ್ಕಿತರಿಗೆ ಒಂದು ಲೋಟ ಹಾಲು, ಒಂದೂವರೆ ಲೋಟ ನೀರು, ಚಿಟಿಕೆ ಉಪ್ಪು. ತರಿಯನ್ನು 20 ನಿಮಿಷ ನೆನೆಯಲು ಬಿಡಲೇಬೇಕು, ಇಲ್ಲದಿದ್ದರೆ ನಡುವೆ ಗರಗರ ಉಳಿದು ಹುಣ್ಣಿಗೆ ಉಜ್ಜುತ್ತದೆ. ತೆಂಗಿನತುರಿ ಹಾಕಬೇಡಿ, ಎಳೆಗಳು ಗಾಯಕ್ಕೆ ಅಂಟಿಕೊಳ್ಳುತ್ತವೆ. ಆ ಒಂದೂವರೆ ಲೋಟ ನೀರಿನಲ್ಲೇ ಕಾಯಿ ರುಬ್ಬಿ, ಬಟ್ಟೆಯಲ್ಲಿ ಸೋಸಿದ ಹಾಲು ಹಾಕಿ. ಹಬೆಯಲ್ಲಿ 25 ನಿಮಿಷ. ಆರಿದರೆ ಅಕ್ಕಿ ಗಟ್ಟಿಯಾಗುತ್ತದೆ, ಆಗ ಬಿಸಿ ಹಾಲು ಹಾಕಿ ಕಿವುಚಿ ಕೊಡಿ. ನೂಪುಟ್ಟಾದರೆ (ಅಕ್ಕಿ ಶ್ಯಾವಿಗೆ) ಎಳೆ ಸಣ್ಣಗೆ ಮುರಿದು ತೆಂಗಿನಹಾಲಿನಲ್ಲಿ ಹತ್ತು ನಿಮಿಷ ನೆನೆಸಿ. ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಬೇಡ, ಅಂಚು ಒರಟು.

ಪ್ರೋಟೀನಿಗೆ ಮೊಟ್ಟೆಯಷ್ಟು ಸುಲಭ ಯಾವುದೂ ಇಲ್ಲ. ಒಂದು ಮೊಟ್ಟೆಯನ್ನು 100 ಎಂಎಲ್ ಹಾಲಿನಲ್ಲಿ ಕದಡಿ, ಸೋಸಿ, ಬಟ್ಟಲಿಗೆ ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ 12 ನಿಮಿಷ ಹಬೆಯಲ್ಲಿಡಿ. ಉರಿ ಜೋರಾದರೆ ತೂತು ತೂತಾಗಿ ರಬ್ಬರಿನಂತಾಗುತ್ತದೆ, ನೀರೂ ಬಿಡುತ್ತದೆ.

ನೋಡಲು ಬರುವವರು ಪ್ರೀತಿಯಿಂದ ಕಿತ್ತಳೆ ತರುತ್ತಾರೆ. ದಯವಿಟ್ಟು ಬೇಡ, ಆ ಹುಳಿ ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಬದಲಿಗೆ ತೋಟದ ಬಟರ್ ಫ್ರೂಟ್ ತನ್ನಿ. ಅರ್ಧ ಹಣ್ಣು, ಒಂದು ಲೋಟ ಹಾಲು, ಸ್ವಲ್ಪ ಬೆಲ್ಲದ ಪಾಕ ಮಿಕ್ಸಿಗೆ ಹಾಕಿದರೆ ಹುಳಿಯಿಲ್ಲ, ಬಾಯಿಗೆ ತಾಕುವ ಎಳೆಯಿಲ್ಲ, ಒಳ್ಳೆಯ ಕೊಬ್ಬೂ ಸಿಗುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಬೆಲ್ಲ ಬಿಡಿ.

ಮಳೆಗಾಲದಲ್ಲಿ ಸುಡುಸುಡು ಕಾಫಿ ಬಿಡುವುದು ಕಷ್ಟ, ಗೊತ್ತು. ಆದರೂ ಎಲ್ಲವನ್ನೂ ಉಗುರುಬೆಚ್ಚಗೆ ಕೊಡಿ. ತುಟಿ, ನಾಲಿಗೆ ತುದಿಯಲ್ಲಿ ಹುಣ್ಣಿದ್ದರೆ ಸ್ಟ್ರಾ ಒಳ್ಳೆಯದು. ಹಲ್ಲು ಕೀಳಿಸಿದವರಿಗೆ ಮಾತ್ರ ಸ್ಟ್ರಾ ಬೇಡ, ಹೀರುವಾಗ ಹೆಪ್ಪುಗಟ್ಟಿದ ರಕ್ತ ಕಿತ್ತು ಬರಬಹುದು. ಊಟಕ್ಕೆ ಮೊದಲೂ ಆಮೇಲೂ ಬಾಯಿ ಮುಕ್ಕಳಿಸಿ ಉಗುಳಲು, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಸಾಕು.

ಎರಡು ವಾರವಾದರೂ ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸಿ, ಎಲೆಅಡಿಕೆ, ತಂಬಾಕು ಹಾಕುವವರಂತೂ ತಪ್ಪದೇ. ಕೀಮೋ ನಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ. ಮಳೆಯಲ್ಲಿ ಮರ ಬಿದ್ದು ದಾರಿ ಮುಚ್ಚುವ ಊರಾದರೆ ವಾಹನ, ಬದಲಿ ದಾರಿ, ವೈದ್ಯರ ಫೋನ್ ನಂಬರು ಮೂರನ್ನೂ ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ.