ನಾಲ್ಕು ಸೂತ ಆಚೀಚೆ

ಸೂತ ಅಂದರೆ ಏನು ಅಂತ ತಿಳಿಯದೆ ಹುಬ್ಬಳ್ಳಿಯಲ್ಲಿ ಯಾರೂ ಕಾರು ಕಟ್ಟಲು ಹೋಗಬಾರದು. ನಾನು ಹೋದೆ.

ಕಟ್ಟಲು ಅಂದೆ, ಕೊಳ್ಳಲು ಅಲ್ಲ. ಕೊಳ್ಳುವಷ್ಟು ದುಡ್ಡಿದ್ದರೆ ವಿದ್ಯಾನಗರದ ನಮ್ಮ ಗ್ಯಾರೇಜಿನಲ್ಲಿ ಇವತ್ತಿಗೂ ಜೋಳದ ಚೀಲ, ಕೆಟ್ಟ ಕೂಲರ್ ಮತ್ತು ಮಗಳ ಮೂರು ಗಾಲಿ ಸೈಕಲ್ ನೆಮ್ಮದಿಯಾಗಿ ಇರುತ್ತಿದ್ದವು. ಗ್ಯಾರೇಜ್ ಅನ್ನುವುದೂ ದೊಡ್ಡ ಮಾತೇ. ಹತ್ತಡಿ ಅಗಲ, ಹದಿನಾರಡಿ ಉದ್ದ, ಮೇಲೆ ತಗಡು. ಮಳೆ ಬಂದರೆ ಒಳಗಿದ್ದವರು ಸನ್ನೆಯಲ್ಲೇ ಮಾತಾಡಬೇಕು.

ನನ್ನ ತಲೆ ಕೆಡಿಸಿದ್ದು ಲೋಟಸ್ ಸೆವೆನ್. 1957ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ತಂದ ಕಾರು. ಉದ್ದನೆಯ ಮೂಗು, ಅದರ ಆಚೀಚೆ ಕಪ್ಪೆಗಣ್ಣಿನಂಥ ಎರಡು ಲೈಟು, ಮೈಯಿಂದ ಹೊರಗೆ ನಿಂತ ಗಾಲಿಗಳು, ಕೂರಲು ಇಬ್ಬರಿಗೆ ಮಾತ್ರ ಜಾಗ. ತೂಕ ಐದು ಕ್ವಿಂಟಲ್ ಆಸುಪಾಸು. 1973ರಿಂದ ಅದನ್ನು ಕೇಟರ್‌ಹ್ಯಾಮ್ ಅನ್ನುವ ಕಂಪನಿ ಮಾಡುತ್ತಾ ಬಂದಿದೆ. ಅದರ ನಕಲನ್ನು ಚೌಕ ಪೈಪು ಬೆಸೆದು ಮನೆಯಲ್ಲೇ ಕಟ್ಟಿಕೊಳ್ಳುವವರು ಬೇರೆ ಬೇರೆ ದೇಶಗಳಲ್ಲಿ ಇದ್ದಾರೆ. ಅಂದಮೇಲೆ ಹುಬ್ಬಳ್ಳಿ ಏನು ಪಾಪ ಮಾಡಿದೆ?

ಅದರ ಒಂದು ಕಥೆಯನ್ನಂತೂ ನಾನು ಸಿಕ್ಕವರಿಗೆಲ್ಲ ಹೇಳಿದ್ದೇನೆ. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹೊಸ ಕಾರಿಗೆ ತೆರಿಗೆ ಭಾರ ಜಾಸ್ತಿ. ಬಿಡಿಭಾಗಗಳನ್ನು ಒಯ್ದು ಮನೆಯಲ್ಲಿ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ಆದರೆ ಜೋಡಿಸುವುದು ಹೇಗೆ ಅಂತ ಬರೆದು ಕೊಡುವಂತಿಲ್ಲ. ಚಾಪ್‌ಮನ್ ಏನು ಮಾಡಿದರಂತೆ ಗೊತ್ತಾ? ಬಿಚ್ಚುವುದು ಹೇಗೆ ಅಂತ ಬರೆದು ಕೊಟ್ಟರಂತೆ. ಗಿರಾಕಿ ಅದನ್ನು ಕೊನೆಯಿಂದ ಓದಿಕೊಂಡು ಬರಬೇಕು. ಇಂಥ ತಲೆ ನಮ್ಮ ದುರ್ಗದಬೈಲಿನ ವ್ಯಾಪಾರಿಗಳಿಗೆ ಮಾತ್ರ ಇದೆ ಅಂದುಕೊಂಡಿದ್ದೆ.

ಬಿಚ್ಚಲು ನನಗೆ ಸಿಕ್ಕಿದ್ದು ಶಾಲೆ ಮಕ್ಕಳನ್ನು ಹೊತ್ತು ಹೊತ್ತು ಸೊರಗಿದ ಒಂದು ಹಳೆಯ ಓಮ್ನಿ. ಇದರ ಹಿಂದೆ ಲೆಕ್ಕಾಚಾರ ಇತ್ತು. ಮಾರುತಿ 800ಕ್ಕೂ ಓಮ್ನಿಗೂ ಅದೇ 796 ಸಿಸಿಯ ಮೂರು ಸಿಲಿಂಡರ್ ಇಂಜಿನ್. ಆದರೆ 800ರಲ್ಲಿ ಮುಂದಿನ ಗಾಲಿ ಎಳೆಯುತ್ತವೆ, ಓಮ್ನಿಯಲ್ಲಿ ಹಿಂದಿನ ಗಾಲಿ ನೂಕುತ್ತವೆ. ಸೆವೆನ್ ನೂಕುವ ಜಾತಿಯದು. ಇಷ್ಟನ್ನೂ ನಾನು ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿ ಅಂದಳು, "ಓಡೋ ಗಾಡಿ ಮುರದು ಓಡದ ಗಾಡಿ ಮಾಡ್ತೀರಿ. ಛಲೋ ಐತಿ."

ಓಮ್ನಿಯ ಆರ್‌ಸಿ ರದ್ದು ಮಾಡಿಸಿ ಬಿಚ್ಚಲು ಕೂತೆ. ನಟ್ಟು ಬೋಲ್ಟು ಕಲೆಯಬಾರದು ಅಂತ ಒಂದೊಂದು ಭಾಗದ್ದನ್ನು ಒಂದೊಂದು ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆದೆ. ನಮ್ಮಲ್ಲಿ ಡಬ್ಬಿಗೆ ಬರ ಇಲ್ಲ. ಧಾರವಾಡದಿಂದ ಬರುವ ನೆಂಟರು ಯಾರೂ ಕೈ ಬೀಸಿಕೊಂಡು ಬರುವುದಿಲ್ಲ, ಪೇಡೆ ತರುತ್ತಾರೆ. ಪೇಡೆ ಖಾಲಿಯಾದ ಮೇಲೂ ಅವ್ವ ಡಬ್ಬಿ ಎಸೆಯುವುದಿಲ್ಲ. ಹೀಗೆ ಅರ್ಧ ಕಿಲೋದ ಇಪ್ಪತ್ತು ಡಬ್ಬಿಗಳಲ್ಲಿ ಒಂದು ಇಡೀ ಓಮ್ನಿ ಕಪಾಟು ಸೇರಿತು.

ಮುಂದೇನಾಯಿತು ಅಂತ ಗದಗಿನವರಿಗೆ ಗೊತ್ತು.

ನನ್ನ ತಂಗಿಯನ್ನು ಗದಗಿಗೆ ಕೊಟ್ಟಿದೆ. ಅಲ್ಲಿ ಅವಳ ನಾದಿನಿಯ ನಿಶ್ಚಿತಾರ್ಥ ಇತ್ತು. ಅವ್ವ ಬೆಳಗಿನ ರೈಲಿಗೆ ಹೊರಡುವ ಗಡಿಬಿಡಿಯಲ್ಲಿ ಕಪಾಟಿನಿಂದ ನಾಲ್ಕು ಡಬ್ಬಿ ಎತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಮೇಲೆ ಬರೆದಿದ್ದನ್ನು ಓದಲು ಅವಳಿಗೆ ಕನ್ನಡಕ ಬೇಕು. ಕನ್ನಡಕ ಹುಡುಕಲು ಇನ್ನೊಂದು ಕನ್ನಡಕ ಬೇಕು. ಕೈಯಲ್ಲಿ ತೂಗಿ ನೋಡಿದಳಂತೆ, ತೂಕ ಸರಿಯಾಗಿಯೇ ಇತ್ತು. ಮೂರು ಡಬ್ಬಿಯಲ್ಲಿ ಹಿಂದಿನ ದಿನ ತಂದ ಪೇಡೆ. ನಾಲ್ಕನೆಯದರಲ್ಲಿ ನಟ್ಟು, ವಾಶರ್ ಸಮೇತ ಎಂಟು ಇಂಜಿನ್ ಬೋಲ್ಟ್. ಗ್ರೀಸು ಹತ್ತಿ ಬಣ್ಣವೂ ಹೆಚ್ಚುಕಡಿಮೆ ಪೇಡೆಯದೇ.

ಮಧ್ಯಾಹ್ನ ತಂಗಿಯ ಮಾವನವರ ಫೋನು ಬಂತು. ತುಂಬಾ ಸಂಭಾವಿತರು. ಹೆಣ್ಣು ಕೊಟ್ಟವರ ಮನಸ್ಸು ನೋಯಬಾರದು ಅಂತ ನೋಡುವವರು. "ಎಲ್ಲಾ ಛಲೋ ಆತ್ರಿ. ಪೇಡೆ ಮಾತ್ರ ಒಂದೀಟು ಬಿರುಸ ಆಗ್ಯಾವ್ರಿ," ಅಂದರು. ಸ್ವಲ್ಪ ತಡೆದು, "ಹಾಲಿನ್ಯಾಗ ನೆನೆ ಇಡಬೇಕೇನ್ರಿ?" ಅಂದರು.

ಎಂಟರಲ್ಲಿ ಏಳು ಬೋಲ್ಟು ವಾಪಸ್ ಬಂದವು. ಎಂಟನೆಯದನ್ನು ನಿಜವಾಗಿಯೂ ಹಾಲಿನಲ್ಲಿ ಹಾಕಿ ನೋಡಿದರು ಅಂತ ತಂಗಿ ಹೇಳುತ್ತಾಳೆ. ಅವಳ ಮಾತನ್ನು ನಾನು ಚಿಕ್ಕಂದಿನಿಂದಲೂ ಅರ್ಧ ಮಾತ್ರ ನಂಬುತ್ತೇನೆ.

ಈಗ ಸೂತಕ್ಕೆ ಬರೋಣ. ಚಾಸಿಯ, ಅಂದರೆ ಕಾರಿನ ಎಲುಬುಗೂಡಿನ ನಕ್ಷೆ ಮಿಲಿಮೀಟರಿನಲ್ಲಿತ್ತು. ಗೋಕುಲ ರಸ್ತೆಯ ಕಡೆಯಿಂದ ನಾನು ಕರೆತಂದ ವೆಲ್ಡಿಂಗ್ ಮಿಸ್ತ್ರಿಗೆ ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್ ಮಾಡಿ ಇಪ್ಪತ್ತು ವರ್ಷದ ಅನುಭವ. ನಕ್ಷೆಯಲ್ಲಿ 762 ಅಂತ ಇದ್ದದ್ದನ್ನು ನೋಡಿ, "ಇದು ಮನೀ ನಂಬರೇನ್ರಿ ಸರ?" ಅಂತ ಕೇಳಿದ. ಅಲ್ಲಪ್ಪಾ, ಮೂವತ್ತು ಇಂಚು ಅಂದೆ. "ಹಂಗ ಕನ್ನಡದಾಗ ಹೇಳ್ರಲಾ" ಅಂದ. ಅವನ ಲೆಕ್ಕದಲ್ಲಿ ಅಡಿ, ಇಂಚು ಮತ್ತು ಸೂತ, ಇಷ್ಟೇ ಕನ್ನಡ. ಒಂದು ಇಂಚಿಗೆ ಎಂಟು ಸೂತ. ಒಂದು ಸೂತ ಅಂದರೆ 3.175 ಮಿಲಿಮೀಟರ್. ನಾನು ಪಕ್ಕದಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕೂತು ಪ್ರತಿ ಪೈಪನ್ನೂ ಅನುವಾದ ಮಾಡತೊಡಗಿದೆ. ಅನುವಾದದಲ್ಲಿ ಸ್ವಲ್ಪ ಸೋರಿಹೋಗುತ್ತದೆ ಅಂತ ಸಾಹಿತಿಗಳು ಹೇಳುವುದು ಇದಕ್ಕೇ ಇರಬೇಕು.

ಬೆಸುಗೆಗೂ ಒಂದು ರೀತಿ ಇದೆ. ಮೊದಲು ಎಲ್ಲ ಕಡೆ ಚುಕ್ಕೆ ಚುಕ್ಕೆಯಾಗಿ ಹಿಡಿಸಬೇಕು. ಆಮೇಲೆ ಈ ಕಡೆ ಒಂದಿಷ್ಟು, ಎದುರು ಕಡೆ ಒಂದಿಷ್ಟು ಅಂತ ಬೆಸೆಯುತ್ತಾ ಹೋಗಬೇಕು. ಒಂದೇ ಕಡೆ ಪೂರ್ತಿ ಬೆಸೆದರೆ ಕಬ್ಬಿಣ ಆರುವಾಗ ಕುಗ್ಗಿ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಇದನ್ನು ನಾನು ಹೇಳಿದ್ದೆ. ಹೇಳಿ, ಚಹಾ ತರಲು ಒಳಗೆ ಹೋದೆ. ಅವ್ವ ಚಹಾದ ಜೊತೆ ಚುರಮುರಿ ಒಗ್ಗರಣೆಯನ್ನೂ ಹಾಕಿದಳು. ನಾನು ಬರುವಷ್ಟರಲ್ಲಿ ಎಡಗಡೆ ಪೂರ್ತಿ ಮುಗಿದಿತ್ತು. ಮನೆಯ ಪಾಯ ಹಾಕುವಾಗ ಮಾಡುವ ಹಾಗೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿದೆ. ಎರಡು ದಾರಕ್ಕೂ ಅರ್ಧ ಇಂಚು ವ್ಯತ್ಯಾಸ.

"ನಾಕ್ ಸೂತ ಆಚೀಚೆ ಏನೂ ಆಗಂಗಿಲ್ರಿ ಸರ. ಮನೀ ಕಟ್ಟೂ ಮುಂದ ಗೌಂಡಿ ಇದಕಿಂತ ಜಾಸ್ತಿ ಬಿಟ್ಟಿರ್ತಾನ."

"ಮನೆ ರಸ್ತೆ ಮೇಲೆ ಓಡೋದಿಲ್ಲ ಅಲ್ವಾ?"

"ಇದೂ ಓಡಂಗಿಲ್ಲ ಬಿಡ್ರಿ," ಅಂದ. ವ್ಯಂಗ್ಯ ಅಲ್ಲ, ಸಮಾಧಾನದ ಮಾತು.

ಕೊಯ್ದು, ಎಳೆದು, ಮತ್ತೆ ಬೆಸೆದು ನಾಲ್ಕು ಸೂತವನ್ನು ಎರಡಕ್ಕೆ ಇಳಿಸಿದೆವು. ಆ ದಿನ ನಾನೂ ಒಂದು ಕೈ ನೋಡೋಣ ಅಂತ ರಾಡ್ ಹಿಡಿದೆ. ಮುಖಕ್ಕೆ ಕರಿಗಾಜು ಹಿಡಿಯುವುದನ್ನು ಎರಡು ಸಲ ಮರೆತೆ. ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಯಾರೋ ಮೆಣಸಿನಪುಡಿ ತುಂಬಿದ ಹಾಗಾಯಿತು. ಬ್ಯಾಡಗಿಯದಲ್ಲ. ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಇದು ಗುಂಟೂರಿನ ಮಾಲು. ಎರಡು ದಿನ ಕತ್ತಲೆ ಕೋಣೆಯಲ್ಲಿ ಮಲಗಿದ್ದೆ. ನೋಡಲು ಬಂದವರು ಅರ್ಧ ಕಿಲೋ ಪೇಡೆ ತಂದಿದ್ದರು. ಹೆಂಡತಿ ಡಬ್ಬಿ ತೆರೆದು ನೋಡಿಯೇ ಒಳಗಿಟ್ಟಳು.

ಮೂಗಿನ ಕೆಲಸ ಮಾತ್ರ ಖುಷಿ ಕೊಟ್ಟಿತು. ಸೆವೆನ್‌ನ ಮೂಗನ್ನು ಫೈಬರಿನಲ್ಲಿ ಮಾಡಬೇಕಾದರೆ ಮೊದಲು ಮಣ್ಣಿನಲ್ಲಿ ಆಕಾರ ಮಾಡಿ ಅದರಿಂದ ಅಚ್ಚು ತೆಗೆಯಬೇಕು. ಮಣ್ಣಿನ ಆಕಾರಕ್ಕೆ ಹುಬ್ಬಳ್ಳಿಯಲ್ಲಿ ಚಿಂತೆಯೇ? ಗಣಪತಿ ಮಾಡುವವರೊಬ್ಬರ ಹತ್ತಿರ ಹೋದೆ. ಚೌತಿ ಮುಗಿದು ಅವರೂ ಆರಾಮಾಗಿದ್ದರು. ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಎಡಮುರಿ ಮಾಡ್ಲ್ಯೋ, ಬಲಮುರಿ ಮಾಡ್ಲ್ಯೋ?"

ನೆಟ್ಟಗೆ ಇರಲಿ ಅಂದೆ. ನೆಟ್ಟಗೇ ಮಾಡಿದರು, ಅವರ ಪ್ರಕಾರ. ಆದರೆ ಜೀವಮಾನ ಪೂರ್ತಿ ಸೊಂಡಿಲು ತಿರುಗಿಸಿದ ಕೈ ಅದು. ಮೂಗು ಬಲು ಚೆಂದ, ಬಲು ನುಣುಪು, ಮತ್ತು ತುಸು ಎಡಮುರಿ. ಮಿಸ್ತ್ರಿ ಅದನ್ನು ಚಾಸಿಗೆ ಇಟ್ಟು ನೋಡಿ ಹಿಗ್ಗಿದ. ಯಾಕೆಂದರೆ ಚಾಸಿಯಲ್ಲಿ ಉಳಿದಿದ್ದ ಎರಡು ಸೂತವೂ ಎಡಕ್ಕೇ ಇದ್ದವು. "ನೋಡ್ರಿ ಸರ, ಹೊಂದ್ತು!"

ಬ್ರೇಕು, ವೈರಿಂಗು, ಬಣ್ಣಕ್ಕೆ ಏಳು ತಿಂಗಳು ಹೋದವು. ಆ ಏಳು ತಿಂಗಳನ್ನು ಬಿಟ್ಟುಬಿಡುತ್ತೇನೆ, ನಮ್ಮ ಮನೆಯಲ್ಲೂ ಈಗ ಯಾರೂ ಅದರ ಮಾತೆತ್ತುವುದಿಲ್ಲ. ಗೇರಿನದು ಮಾತ್ರ ಹೇಳಲೇಬೇಕು. ಓಮ್ನಿಯಲ್ಲಿ ಡ್ರೈವರ್ ಇಂಜಿನ್ನಿನ ಮೇಲೆಯೇ ಕೂರುತ್ತಾನೆ. ಸೆವೆನ್‌ನಲ್ಲಿ ಇಂಜಿನ್ ಮುಂದೆ, ಡ್ರೈವರ್ ಹಿಂದೆ. ಹೀಗಾಗಿ ಗೇರ್ ರಾಡನ್ನು ಕತ್ತರಿಸಿ ತಿರುಗಿಸಿ ಕೂರಿಸಿದೆವು. ರಾಡಿನ ಜೊತೆ ಗೇರುಗಳ ದಿಕ್ಕೂ ತಿರುಗಿದ್ದು ನಮ್ಮ ಗಮನಕ್ಕೆ ಬರಲಿಲ್ಲ. ಇಂಜಿನ್ ಮೊದಲ ಸಲ ಶುರುವಾದಾಗ ಓಣಿಯ ಹುಡುಗರೆಲ್ಲ ಗೇಟಿನ ಮುಂದೆ ನಿಂತಿದ್ದರು. ಮಿಸ್ತ್ರಿಯೇ ಒಳಗೆ ಕೂತಿದ್ದ. ಫಸ್ಟ್ ಅಂತ ತಿಳಿದು ಹಾಕಿದ. ಕಾರು ಹುಡುಗರ ಕಡೆಗೆ ಹೋಗದೆ ಗಂಭೀರವಾಗಿ ಹಿಂದೆ ಹೋಗಿ ಜೋಳದ ಚೀಲಕ್ಕೆ ಗುದ್ದಿತು. ಚೀಲ ಹರಿಯಿತು. ಇವತ್ತಿಗೂ ಜೋರಾಗಿ ಬ್ರೇಕ್ ಹಾಕಿದರೆ ಎಲ್ಲಿಂದಲೋ ನಾಲ್ಕು ಕಾಳು ಬಿಳಿಜೋಳ ಉದುರುತ್ತದೆ.

ಗೇರು ಸರಿಯಾದ ಮೇಲೆ ನನ್ನ ಸರದಿ. ಇಷ್ಟು ದಿನ ಬರೀ ಚಾಸಿಯ ಮೇಲೆ ಹಲಗೆ ಇಟ್ಟು ಕೂತು ನೋಡಿದ್ದೆ. ಈಗ ಮೈಗೆ ತಗಡು ಬಂದಿತ್ತು, ಸೀಟು ಬಂದಿತ್ತು, ಸ್ಟೇರಿಂಗ್ ಬಂದಿತ್ತು. ಬಾಗಿಲು ಇಲ್ಲದ ಕಾರು, ಮೇಲಿಂದ ಇಳಿಯಬೇಕು. ಬಾವಿಗೆ ಇಳಿಯುವ ಹಾಗೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಳಿಸಿದೆ. ಸೊಂಟದವರೆಗೆ ಸಲೀಸಾಗಿ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಗೇಟು ಅಳೆದಿದ್ದೆ. ಗ್ಯಾರೇಜ್ ಅಳೆದಿದ್ದೆ. ಪ್ರತಿ ಪೈಪನ್ನು ಮಿಲಿಮೀಟರಿನಲ್ಲೂ ಸೂತದಲ್ಲೂ ಅಳೆದಿದ್ದೆ. ನನ್ನನ್ನು ಅಳೆದಿರಲಿಲ್ಲ. ಆ ನಕ್ಷೆ ಬರೆದವರು ದಿನಾ ಸಂಜೆ ಗಿರ್ಮಿಟ್ಟು, ಮಿರ್ಚಿ ತಿಂದವರಲ್ಲ.

ಉಸಿರು ಹಿಡಿದು ಒತ್ತಿ ಕೂತೆ. ಸ್ಟೇರಿಂಗಿನ ನಡುವೆ ಹಾರ್ನ್ ಇದೆ. ಅದರ ಮೇಲೆ ನನ್ನ ಹೊಟ್ಟೆ ಕೂತಿತು. ಹಾರ್ನ್ ಬಡಿದುಕೊಳ್ಳತೊಡಗಿತು. ನಾನು ಉಸಿರು ಎಳೆದುಕೊಂಡಷ್ಟು ಹೊತ್ತು ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಶುರು. ಪಕ್ಕದ ಮನೆಯ ಕಾಕಾ ಬನಿಯನ್ನಿನಲ್ಲೇ ಓಡಿ ಬಂದರು. ಅವರು ಒಂದು ತೋಳು, ಮಿಸ್ತ್ರಿ ಒಂದು ತೋಳು ಹಿಡಿದು, ಹೊಲದಿಂದ ಗಜ್ಜರಿ ಕಿತ್ತ ಹಾಗೆ ನನ್ನನ್ನು ಕಿತ್ತರು.

ಹೆಂಡತಿ ಕೂರಲು ಒಪ್ಪಲಿಲ್ಲ. ಮಗಳ ಕಾಲು ಪೆಡಲಿಗೆ ಎಟುಕಲಿಲ್ಲ. ಆಗ ಅವ್ವ, "ಸರೀರಿ, ನೋಡೋಣಂತ," ಅಂದು ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು, ಸ್ಟೂಲಿನ ಮೇಲೆ ಹತ್ತಿ ಒಳಗೆ ಇಳಿದಳು. ದರ್ಜಿ ಅಳತೆ ತೆಗೆದು ಹೊಲಿದ ಹಾಗಿತ್ತು. ಆ ಕಡೆ ನಾಲ್ಕು ಸೂತ, ಈ ಕಡೆ ನಾಲ್ಕು ಸೂತ ಜಾಗ ಉಳಿಯಿತು. "ತಂಪ ಐತಿ," ಅಂದಳು.

ನಂಬರಿನ ವಿಷಯ ವಿಚಾರಿಸಿದ್ದು ಇಷ್ಟೆಲ್ಲ ಆದಮೇಲೆ. ಮೊದಲೇ ವಿಚಾರಿಸುವವರು ಇಂಥ ಕೆಲಸಕ್ಕೆ ಕೈ ಹಾಕುವುದಿಲ್ಲ. ಹುಬ್ಬಳ್ಳಿಗೆ ಕೆಎ 63, ಧಾರವಾಡಕ್ಕೆ ಕೆಎ 25. ಮನೆಯಲ್ಲಿ ಕಟ್ಟಿದ ಕಾರಿಗೆ ಎರಡೂ ಇಲ್ಲ. ಕಂಪನಿ ಕೊಟ್ಟ ಗಾಡಿಯ ಮೂಲ ವಿವರ ಬದಲಾಗುವ ಹಾಗೆ ಏನೂ ಮಾಡುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನೇ ಗಟ್ಟಿ ಮಾಡಿದೆ. ಹೊಸ ಮಾದರಿ ಅನ್ನೋಣ ಅಂದರೆ ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಿಸುವ ಸಂಸ್ಥೆಯಲ್ಲಿ ಪಾಸಾಗಬೇಕು. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷಿಸಿ ನಂಬರ್ ಕೊಡುವ ಪದ್ಧತಿ ಇದೆ. ಇಲ್ಲಿ ನನಗೆ ಉಳಿದದ್ದು ಸ್ವಂತ ಜಾಗ. ಸ್ವಂತ ಜಾಗ ಅಂದರೆ ಹತ್ತಡಿ ಅಗಲ, ಹದಿನಾರಡಿ ಉದ್ದ.

ಕುಂದಗೋಳದ ಸೋದರಮಾವ ಕೈ ಹಿಡಿದರು. ಸುಗ್ಗಿ ಮುಗಿದಿತ್ತು, ಹೊಲ ಖಾಲಿ ಇತ್ತು. ಒಂದು ಭಾನುವಾರ ಕಾರನ್ನು ಛೋಟಾ ಹಾಥಿ ಗಾಡಿಗೆ ಹೇರಿ ಕಟ್ಟಿಕೊಂಡು ಹೋದೆವು. ಓಡಿಸಲು ಮಾವನ ಮೊಮ್ಮಗ. ಕಾಲೇಜು ಹುಡುಗ, ಬಿದಿರಿನ ಹಾಗಿದ್ದಾನೆ. ಕುಂದಗೋಳ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. ಅವರ ಕಿರಾಣಾ ಘರಾಣೆಯಲ್ಲಿ ರಾಗವನ್ನು ಅವಸರವಿಲ್ಲದೆ, ಒಂದೊಂದೇ ಸ್ವರ ಹಿಡಿದು ಬೆಳೆಸುತ್ತಾರೆ. ನಮ್ಮ ಕಾರಿಗೂ ಆ ಊರಿನ ಗಾಳಿ ತಗುಲಿತು. ಮೂರು ಸಿಲಿಂಡರಿನಲ್ಲಿ ಎರಡೇ ಬಾಯಿ ಬಿಟ್ಟವು. ಬಹಳ ವಿಲಂಬಿತದಲ್ಲಿ, ಸ್ವಲ್ಪ ಎಡಕ್ಕೆ ವಾಲುತ್ತಾ ಕಾರು ಹೊರಟಿತು.

ಎರೆ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಸೆವೆನ್ ನೆಲಕ್ಕೆ ನಾಲ್ಕು ಇಂಚು ಮೇಲೆ ಓಡುವ ಕಾರು. ಒಂದು ಬಿರುಕಿನಲ್ಲಿ ಮುಂದಿನ ಎಡಗಾಲಿ ಸಿಕ್ಕಿಕೊಂಡು, ಮೂಗು ಮಣ್ಣಿಗೆ ಊರಿ, ನಮಸ್ಕಾರ ಮಾಡಿದ ಹಾಗೆ ನಿಂತಿತು. ನಾನು ಟೇಪು ಹಿಡಿದು ಅಳೆದೆ. ನಲವತ್ತೊಂದು ಮೀಟರ್. ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿಗೇ ಉದ್ದದ್ದು. ಅದರ ಮೇಲೆ ಬಿಟ್ಟಿದ್ದರೆ ಮೊದಲನೇ ಚಹಾ ಅಂಗಡಿಯನ್ನಾದರೂ ಮುಟ್ಟುತ್ತಿತ್ತು. ಮಾವ ಎತ್ತು ಹೂಡಿ ಎಳೆಸಿದರು. ಎತ್ತುಗಳು ಕಾರಿಗಿಂತ ನೆಟ್ಟಗೆ ನಡೆದವು.

ಈಗ ಕಾರು ಗ್ಯಾರೇಜಿನಲ್ಲಿ ಗೇಟಿನ ಕಡೆ ಮೂಗು ಮಾಡಿ ನಿಂತಿದೆ. ಅವ್ವ ಸಂಜೆ ನಾಲ್ಕಕ್ಕೆ ಸ್ಟೂಲು ಹತ್ತಿ ಒಳಗೆ ಇಳಿಯುತ್ತಾಳೆ. ಪಕ್ಕದ ಸೀಟಿನಲ್ಲಿ ಮೊರ ಇಟ್ಟುಕೊಂಡು ಕಾಳು ಹಸನು ಮಾಡುತ್ತಾಳೆ. ಕಾಯಿಪಲ್ಲೆ ಗಾಡಿ ಓಣಿಗೆ ಬಂದರೆ ಎದ್ದು ಹೋಗುವುದಿಲ್ಲ, ಹಾರ್ನ್ ಒತ್ತುತ್ತಾಳೆ. ಮೊನ್ನೆ ಹೊಸ ಹುಡುಗನೊಬ್ಬ ಬಂದಿದ್ದ. ಗೇಟಿನ ಸಂದಿಯಿಂದ ಕಾರನ್ನು ನೋಡಿ ನೋಡಿ, "ಅವ್ವಾರ, ಗಾಡಿ ಎಷ್ಟಕ್ಕ ಕೊಡ್ತೀರಿ?" ಅಂದ.

"ಮದ್ಲ ಮೆಂತೆಪಲ್ಲೆ ಸಿವುಡು ಎಷ್ಟಕ್ಕ ಕೊಡ್ತಿ ಹೇಳು," ಅಂದಳು ಅವ್ವ.