ಅಜ್ಜನ ಹಿತ್ತಾಳೆ ಚಿಪ್ಪು, ಅಳಿಯನ ಮದ್ದಿನ ಮೆಷರ್

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಿತ್ತಾಳೆ ಚಿಪ್ಪು ಇದೆ. ಹಳೇ ಹನ್ನೆರಡು ಬೋರಿನ ತೋಟಾದ ಬುಡ. ಅಜ್ಜ ಅದನ್ನು ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರಕ್ಕೆ ಕತ್ತರಿಸಿ, ತಂತಿಯ ಹಿಡಿ ಬೆಸೆಸಿ ಇಟ್ಟುಕೊಂಡಿದ್ದರು. ಕೇಪಿನ ಕೋವಿಗೆ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬಿ, ಕಿಡಿ ಕೊಡುವ ಕೇಪು ಇಟ್ಟು ಹೊಡೆಯುವ ಹಳೇ ಕೋವಿಗೆ, ಮದ್ದು ಅಳೆಯೋಕೆ. ಕೋವಿ ಯಾವತ್ತೋ ಠಾಣೆಗೆ ಒಪ್ಪಿಸಿ ಆಯಿತು. ಚಿಪ್ಪು ಮಾತ್ರ ಉಳಿದಿದೆ. ಮೂಡಿಗೆರೆ ಕಡೆಯ ಹಳೇ ತೋಟದ ಮನೆಗಳಲ್ಲಿ ಹುಡುಕಿದರೆ ಇಂಥವು ಇನ್ನೂ ಸಿಕ್ಕಾವು.

ಈ ಚಿಪ್ಪು ಮತ್ತೆ ನೆನಪಾಗಿದ್ದು ಅಮೆರಿಕದಲ್ಲಿ. ನನ್ನ ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿನ ಪೌರ. ಭಾನುವಾರ ರೇಂಜಿಗೆ ಹೋಗಿ ನೂರು ಗಜದ ಆಚೆಗಿನ ಕಾಗದಕ್ಕೆ ಗುಂಡು ಹೊಡೆಯುವುದು ಅವನ ಹವ್ಯಾಸ. ಹಾರಿಸಿದ ತೋಟಾಗಳ ಹಿತ್ತಾಳೆ ಕೇಸ್‌ಗಳನ್ನು ಆರಿಸಿ ತಂದು, ಗ್ಯಾರೇಜಿನಲ್ಲಿ ಕೂತು ಮತ್ತೆ ತುಂಬಿಸುತ್ತಾನೆ. ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು. ರೀಲೋಡಿಂಗ್ ಅಂತಾರೆ. ನಾನು ಹೋದಾಗ ಮದ್ದು ಅಳೆಯುವ ಹಳೇ ಮೆಷರ್ ಸೋರುತ್ತಿದೆ, ಹೊಸದು ಯಾವುದು ತಗೊಳ್ಳಲಿ ಅಂತ ತಲೆ ಕೆಡಿಸಿಕೊಂಡು ಕೂತಿದ್ದ.

ನಾನೂ ಕೈ ಹಾಕೋಣ ಅಂತ ಹೋದೆ. "ಮಾವ, ನೀವು ಟೂರಿಸ್ಟ್ ವೀಸಾದವರು. ಇಲ್ಲಿ ಕೋವಿಗೂ ಮದ್ದಿಗೂ ನಿಮಗೆ ನಿರ್ಬಂಧ ಇದೆ. ಸುಮ್ನೆ ಕೂತು ಲೆಕ್ಕ ಬರೀರಿ" ಅಂದ. ಮೂವತ್ತು ವರ್ಷ ತೋಟದಲ್ಲಿ ರೈಟರ, ಅಂದರೆ ಗುಮಾಸ್ತರ, ಕೈಲಿ ಲೆಕ್ಕ ಬರೆಸಿದವನು ನಾನು. ಅಲ್ಲಿ ನಾನೇ ರೈಟರಾದೆ.

ಮೆಷರ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಮೇಲೆ ಮದ್ದು ತುಂಬುವ ಡಬ್ಬ, ಹಾಪರ್. ಅದರ ಕೆಳಗೆ ತಿರುಗುವ ಉರುಳೆ. ಉರುಳೆಯಲ್ಲಿ ಒಂದು ಗುಳಿ. ಹಿಡಿಯನ್ನು ಮೇಲೆತ್ತಿದರೆ ಗುಳಿ ಮದ್ದಿನಿಂದ ತುಂಬುತ್ತದೆ. ಕೆಳಗೆಳೆದರೆ ಆ ಮದ್ದು ಕೊಳವೆಯಲ್ಲಿ ಜಾರಿ ಕೇಸಿಗೆ ಬೀಳುತ್ತದೆ. ಗುಳಿಯ ಆಳವನ್ನು ಒಂದು ತಿರುಪಿನಿಂದ ಹೆಚ್ಚು ಕಡಿಮೆ ಮಾಡಬಹುದು. ಅಷ್ಟೇ. ಅಂದರೆ ಅದು ಅಳೆಯುವುದು ಜಾಗವನ್ನು, ತೂಕವನ್ನಲ್ಲ. ನಮ್ಮ ಪಾವು, ಸೇರಿನ ಜಾತಿಯೇ.

ಆದರೆ ರೀಲೋಡಿಂಗ್ ಪುಸ್ತಕದಲ್ಲಿ ಮದ್ದಿನ ಲೆಕ್ಕ ಇರುವುದು ತೂಕದಲ್ಲಿ, ಗ್ರೇನ್‌ಗಳಲ್ಲಿ. 7000 ಗ್ರೇನ್ ಸೇರಿದರೆ ಒಂದು ಪೌಂಡು. ನಮ್ಮ ಲೆಕ್ಕಕ್ಕೆ ಒಂದು ಗ್ರಾಂ ಅಂದರೆ 15.43 ಗ್ರೇನ್. ಅಕ್ಕಸಾಲಿಗರ ಗುಲಗಂಜಿ ಸುಮಾರು 120 ಮಿಲಿಗ್ರಾಂ ತೂಗುತ್ತದೆ. ಅಂದರೆ ಹತ್ತಿರ ಹತ್ತಿರ ಎರಡು ಗ್ರೇನ್. ಈ ಹುಡುಗರು ತಲೆಕೆಡಿಸಿಕೊಳ್ಳುವುದು ಗ್ರೇನಿನ ಹತ್ತರಲ್ಲಿ ಒಂದು ಭಾಗಕ್ಕೆ. ಗುಲಗಂಜಿಯನ್ನು ಹದಿನೆಂಟು ಇಪ್ಪತ್ತು ಚೂರು ಮಾಡಿದರೆ ಒಂದು ಚೂರು! ಅದನ್ನು ಸೇರಿನಂಥ ಸಾಧನದಿಂದ ಹಿಡಿಯಬೇಕು.

ಸೇರಿನ ಬುದ್ಧಿ ನಮಗೆ ಗೊತ್ತಲ್ಲ. ನಾನು ಚಿಕ್ಕವನಿದ್ದಾಗ ನಮ್ಮಲ್ಲಿ ಕಾಫಿ ಹಣ್ಣು ಕುಯ್ದವರಿಗೆ ಕೂಲಿ ಕೊಡುತ್ತಿದ್ದುದು ಬುಶೆಲ್ ಡಬ್ಬದ ಲೆಕ್ಕದಲ್ಲಿ. ಕುಯ್ಯುವವರು ಹಣ್ಣನ್ನು ಡಬ್ಬಕ್ಕೆ ಹಗುರವಾಗಿ, ಹೂವು ಸುರಿದ ಹಾಗೆ ಸುರಿಯುತ್ತಿದ್ದರು. ನಮ್ಮ ರೈಟರು ಮಾತಾಡುತ್ತಾ ಮಾತಾಡುತ್ತಾ ಡಬ್ಬಕ್ಕೆ ಕಾಲಲ್ಲಿ ಒಂದು ಏಟು ಕೊಡುತ್ತಿದ್ದರು. ಹಣ್ಣು ನಾಲ್ಕು ಬೆರಳು ಕೆಳಗಿಳಿಯುತ್ತಿತ್ತು. ಆಮೇಲೆ ಜಗಳ. ಅದೇ ಡಬ್ಬ, ಅದೇ ಹಣ್ಣು, ಒಂದು ಒದೆಗೆ ಲೆಕ್ಕವೇ ಬೇರೆ. ಕೊನೆಗೆ ಕಿಲೋ ಲೆಕ್ಕ ಬಂದಮೇಲೆ ಆ ಜಗಳ ತಣ್ಣಗಾಯಿತು. ಈಗ ತಕ್ಕಡಿ ಬಗ್ಗೆ ಜಗಳ, ಅದು ಬೇರೆ ಮಾತು.

ಮದ್ದಿನ ಮೆಷರಿನ ಗುಟ್ಟೆಲ್ಲ ಆ ಒದೆಯಲ್ಲಿದೆ. ಹಿಡಿಯನ್ನು ಒಮ್ಮೆ ಮೆತ್ತಗೆ, ಒಮ್ಮೆ ಜೋರಾಗಿ ಎತ್ತಿದರೆ ಗುಳಿಯೊಳಗೆ ಮದ್ದು ಕೂರುವ ರೀತಿ ಬದಲಾಗುತ್ತದೆ. ಮೇಲೆ ಹಾಪರ್ ತುಂಬಿದ್ದರೆ ಒತ್ತಡ ಜಾಸ್ತಿ, ಬರಿದಾಗುತ್ತಾ ಬಂದರೆ ಕಮ್ಮಿ. ಅದಕ್ಕೇ ಹಾಪರಿನೊಳಗೆ ಬ್ಯಾಫಲ್ ಅಂತ ತೂತಿರುವ ಒಂದು ತಗಡು ಕೂರಿಸುತ್ತಾರೆ. ಮೇಲಿನ ಭಾರವನ್ನು ಅದು ಹೊರುತ್ತದೆ. ಲೈಮನ್ 55 ಅಂತ ಒಂದು ಹಳೇ ಮಾದರಿ ಇದೆ. ಅದರ ಪಕ್ಕದಲ್ಲಿ ಒಂದು ಪುಟ್ಟ ಸುತ್ತಿಗೆಯನ್ನೇ ಕೂರಿಸಿದ್ದಾರೆ, ಪ್ರತಿ ಸಲವೂ ಒಂದೇ ಥರ ತಟ್ಟಲಿ ಅಂತ. ನೋಡಿ ನಗು ಬಂತು. ನಮ್ಮ ರೈಟರ ಕಾಲು!

ಇನ್ನು ಮದ್ದಿನ ಆಕಾರ. ಈಗಿನ ತೋಟಾಗಳಿಗೆ ಹಾಕುವ ಹೊಗೆ ಇಲ್ಲದ ಮದ್ದಿನಲ್ಲಿ ಮುಖ್ಯವಾಗಿ ಮೂರು ಥರ. ಬಾಲ್ ಪೌಡರ್ ರಾಗಿಯ ಹಾಗೆ, ಸಣ್ಣ ಸಣ್ಣ ಗುಂಡು. ಫ್ಲೇಕ್ ಅನ್ನುವುದು ಅವಲಕ್ಕಿಯ ಹಾಗೆ ಚಪ್ಪಟೆ. ಕಡ್ಡಿ ಮದ್ದು ಶ್ಯಾವಿಗೆ ತುಂಡಿನ ಹಾಗೆ. ರಾಗಿಯನ್ನು ಪಾವಿನಲ್ಲಿ ಹತ್ತು ಸಲ ಅಳೆಯಿರಿ, ಹತ್ತೂ ಸಲ ಹೆಚ್ಚುಕಡಿಮೆ ಒಂದೇ. ಶ್ಯಾವಿಗೆ ಅಳೆಯಿರಿ ನೋಡೋಣ. ಒಂದು ಕಡ್ಡಿ ಅಡ್ಡ ನಿಂತರೆ ಅದರಡಿ ಖಾಲಿ ಜಾಗ.

ಅಳಿಯ ಇದನ್ನೇ ತೋರಿಸಿದ. ಅವನ ಬಳಿ ಐಎಂಆರ್ 4064 ಅನ್ನುವ ಕಡ್ಡಿ ಮದ್ದಿತ್ತು. ಹಿಡಿ ಎಳೆದಾಗ ಉರುಳೆಯ ಅಂಚಿಗೆ ಕಡ್ಡಿ ಸಿಕ್ಕಿ ಕರಕ್ ಅಂತ ಕತ್ತರಿಸಿದ ಸದ್ದು. ಹತ್ತು ಸಲ ಎಳೆದ, ಹತ್ತನ್ನೂ ತೂಗಿದ, ನಾನು ಬರೆದುಕೊಂಡೆ. ಅತಿ ಹೆಚ್ಚಿಗೂ ಅತಿ ಕಡಿಮೆಗೂ ಅರ್ಧ ಗ್ರೇನ್ ವ್ಯತ್ಯಾಸ. ಆಮೇಲೆ ಆ ಮದ್ದನ್ನೆಲ್ಲ ಅದರ ಡಬ್ಬಕ್ಕೆ ವಾಪಸ್ ಸುರಿದು, ಮೆಷರ್ ಒರೆಸಿ, ಬಾಲ್ ಪೌಡರ್ ಹಾಕಿ ಎಳೆದ. ಒಂದೆರಡು ಬಿಟ್ಟರೆ ಎಲ್ಲವೂ ಗ್ರೇನಿನ ಹತ್ತರಲ್ಲಿ ಒಂದು ಭಾಗದ ಒಳಗೆ. ಮೆಷರ್ ಅದೇ, ಕೈ ಅದೇ. ಬದಲಾಗಿದ್ದು ಮದ್ದು ಮಾತ್ರ. ಆದರೆ ಆ ಸಣ್ಣ ಮದ್ದು ಉರುಳೆಯ ಸಂದಿನಿಂದ ಸೋರಿ ಮೇಜಿನ ಮೇಲೆ ಗೆದ್ದಲು ಮಣ್ಣಿನ ಹಾಗೆ ಬಿದ್ದಿತ್ತು. ಹೊಸದು ಬೇಕು ಅಂದದ್ದು ಅದಕ್ಕೇ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಕೇಳದಿದ್ದರೂ. ಅವನು ಮೊದಲು ನೋಡುತ್ತಿದ್ದದ್ದು ಮೋಟಾರು, ಪರದೆ ಇರುವ ಯಂತ್ರ. ನಂಬರ್ ಒತ್ತಿದರೆ ತಾನೇ ತೂಗಿ ಕೊಡುತ್ತದೆ. ಬೇಡ ಅಂದೆ. ಕೆಟ್ಟದ್ದು ಅಂತಲ್ಲ. ಫ್ಯಾನ್ ಗಾಳಿಗೆ ಅಂಕಿ ಅಲ್ಲಾಡುತ್ತದೆ, ಬಿಸಿಯಾಗುವವರೆಗೆ ಕಾಯಬೇಕು, ಒಂದೊಂದು ಅಳತೆಗೂ ಅದರ ಮುಖ ನೋಡುತ್ತಾ ಕೂರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಪರದೆ ಮೇಲಿನ ಅಂಕಿ ನೋಡಿದ ಕೂಡಲೇ ಮನುಷ್ಯ ಯೋಚನೆ ಮಾಡುವುದನ್ನು ನಿಲ್ಲಿಸುತ್ತಾನೆ. ನಮ್ಮ ಕ್ಲಬ್ಬಿನ ಗೆಳೆಯರು ಇದನ್ನು ಒಪ್ಪುವುದಿಲ್ಲ. ಕಾಫಿಯ ತೇವಾಂಶವನ್ನು ಹಲ್ಲಲ್ಲಿ ಕಚ್ಚಿ ಹೇಳುವ ಕಾಲ ಹೋಯಿತು ಕಣಯ್ಯ, ಮೀಟರ್ ಇದೆ ಅಂತಾರೆ. ಮೀಟರ್ ನಾನೂ ಇಟ್ಟಿದ್ದೇನೆ. ಆದರೂ ಕಚ್ಚುತ್ತೇನೆ.

ದುಡ್ಡು ಹಾಕುವುದಾದರೆ ಮೊದಲು ತಕ್ಕಡಿಗೆ ಹಾಕಬೇಕು. ಒಳ್ಳೆಯ ದಂಡ ತಕ್ಕಡಿ, ಜೊತೆಗೆ ಅದು ಸರಿ ಇದೆಯಾ ಅಂತ ನೋಡೋಕೆ ಪರೀಕ್ಷೆಯ ತೂಕದ ಬಟ್ಟುಗಳು. ಆಮೇಲೆ ಮೆಷರ್. ಆರ್‌ಸಿಬಿಎಸ್ ಯುನಿಫ್ಲೋ, ರೆಡ್ಡಿಂಗ್ 3ಬಿಆರ್, ಹೀಗೆ ಎರಕದ ಮೈ ಇರುವವು ಎಷ್ಟೋ ವರ್ಷಗಳಿಂದ ಬರುತ್ತಿವೆ. ಅಂಕಿ ಕೊರೆದ ಮೈಕ್ರೋಮೀಟರ್ ತಿರುಪು ಇದ್ದರೆ ಹಿಂದಿನ ಸಲದ ಅಂಕಿ ಬರೆದಿಟ್ಟುಕೊಂಡು ಅದರ ಹತ್ತಿರಕ್ಕೆ ಬೇಗ ಬರಬಹುದು. ಹತ್ತಿರಕ್ಕೆ ಅಷ್ಟೇ. ಆ ಅಂಕಿ ನಂಬಿ ತೂಗದೆ ಬಿಡುವ ಹಾಗಿಲ್ಲ. ಸಣ್ಣ ಅಳತೆಗೆ ಕಿರಿದಾದ, ಆಳವಾದ ಗುಳಿ ಒಳ್ಳೆಯದು. ಅಗಲ ಬಾಯಿಯ ಗುಳಿಯಲ್ಲಿ ಮೇಲಿನ ಪದರ ಕೂದಲೆಳೆಯಷ್ಟು ಏರುಪೇರಾದರೂ ತೂಕ ಜಾಸ್ತಿ ತಪ್ಪುತ್ತದೆ. ಬಾಯಿ ಅಗಲದ ಚೆಂಬಿನಲ್ಲಿ ಎಣ್ಣೆ ಅಳೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಕೊನೆಗೆ ಅವನು ಯಾರೋ ಬಳಸಿ ಬಿಟ್ಟ ಎರಕದ ಮೆಷರ್ ತಂದ. ಅದನ್ನು ಕೂರಿಸುವುದಕ್ಕೇ ಒಂದು ದಿನ ಹಿಡಿಯಿತು. ಒಳಗಿನ ಎಣ್ಣೆ ಜಿಡ್ಡನ್ನೆಲ್ಲ ತೆಗೆದ. ಎಣ್ಣೆ ಇದ್ದರೆ ಮದ್ದು ಅಂಟುತ್ತದೆ, ಕೆಡುತ್ತದೆ. ಮೇಜು ಅಲುಗಾಡುತ್ತಿತ್ತು, ಗೋಡೆಗೆ ಬೋಲ್ಟ್ ಹಾಕಿ ಬಿಗಿದ. ಮದ್ದಿನ ಕಾಳಿಗೆ ಗ್ರಾಫೈಟ್ ಲೇಪ ಇರುತ್ತದೆ. ಒಂದಿಷ್ಟು ಮದ್ದನ್ನು ಸುಮ್ನೆ ಹಾಯಿಸಿದ, ಆ ಲೇಪ ಒಳಮೈಗೆಲ್ಲ ಹತ್ತಲಿ ಅಂತ. ಹೊಸ ಕಾವಲಿಯನ್ನು ಪಳಗಿಸುವ ಹಾಗೆ. ಹಾಪರನ್ನು ಮೂರರಲ್ಲಿ ಎರಡು ಭಾಗ ತುಂಬಿಸಿದ. ಮೊದಲಿನ ಹತ್ತು ಎಳೆತ ಲೆಕ್ಕಕ್ಕಿಲ್ಲ, ವಾಪಸ್ ಹಾಪರಿಗೆ. ಆಮೇಲೆ ಪುಸ್ತಕದಲ್ಲಿರುವ ಆರಂಭದ ಅಳತೆಗಿಂತ ಸ್ವಲ್ಪ ಕೆಳಗೆ ಹಿಡಿದು, ತಿರುಪನ್ನು ನಿಧಾನ ಮೇಲೆ ತಂದ. ಹತ್ತು ಎಳೆದು ಒಟ್ಟಿಗೆ ತೂಗಿ ಸರಾಸರಿ, ಹತ್ತನ್ನು ಬಿಡಿಬಿಡಿಯಾಗಿ ತೂಗಿ ಏರುಪೇರು. ಎರಡೂ ನನ್ನ ಪುಸ್ತಕದಲ್ಲಿವೆ. ಶುರುವಾದ ಮೇಲೂ ಹತ್ತಕ್ಕೊಂದು ಸಲ ತೂಕ. ಸ್ಪರ್ಧೆಗೆ ಬೇಕಾದವನ್ನು ಮಾತ್ರ ಬೇಕಂತಲೇ ಸ್ವಲ್ಪ ಕಡಿಮೆ ಬೀಳಿಸಿ, ಉಳಿದದ್ದನ್ನು ತಕ್ಕಡಿ ತಟ್ಟೆಯ ಮೇಲೇ ಕಡ್ಡಿ ಕಡ್ಡಿಯಾಗಿ ಉದುರಿಸಿ ಸರಿ ಮಾಡಿದ.

ಅಳತೆ ಎಷ್ಟು ಗ್ರೇನ್ ಅಂತ ನಾನಿಲ್ಲಿ ಬರೆಯುವುದಿಲ್ಲ. ಅದು ಕೋವಿ, ಗುಂಡು, ಕೇಪು, ಮದ್ದು ನಾಲ್ಕನ್ನೂ ನೋಡಿ ಪುಸ್ತಕ ಹೇಳುವ ಮಾತು. ಫೇಸ್‌ಬುಕ್ ಹೇಳುವ ಮಾತಲ್ಲ.

ಒಂದು ವಿಷಯಕ್ಕೆ ಮಾತ್ರ ನನಗೆ ಅವನ ಮೇಲೆ ಸಿಟ್ಟು ಬಂತು. ಸಂಜೆ ಕೆಲಸ ಮುಗಿದ ಮೇಲೆ ಹಾಪರಿನಲ್ಲಿ ಮದ್ದು ಹಾಗೇ ಬಿಟ್ಟು ಊಟಕ್ಕೆ ಎದ್ದ. "ನಾಳೆ ಇದನ್ನೇ ಹಾಕೋದಲ್ವಾ ಮಾವ" ಅಂದ. ನಾನು ಏಳಲಿಲ್ಲ.

ನಮ್ಮ ಪಕ್ಕದ ಊರಿನ ಕಥೆ ಅವನಿಗೆ ಗೊತ್ತಿರಲಿಲ್ಲ. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಒಬ್ಬರಿಗೆ ಕೇಪಿನ ಕೋವಿಗೆ ಕರಿಮದ್ದು ಸಿಗಲಿಲ್ಲ. ಅಂಗಡಿ ತೋಟಾ ಕತ್ತರಿಸಿ, ಅದರೊಳಗಿನ ಮದ್ದನ್ನು ಅದೇ ಹಳೇ ಅಳತೆಯಲ್ಲಿ ಅಳೆದು ನಳಿಗೆಗೆ ಸುರಿದರು. ಅಳತೆ ಸರಿಯಾಗೇ ಇತ್ತು. ಮದ್ದು ಬೇರೆ ಇತ್ತು. ಕರಿಮದ್ದಿನ ಜಾಗದಲ್ಲಿ ಅಷ್ಟೇ ಅಳತೆ ಹೊಗೆಯಿಲ್ಲದ ಮದ್ದು ಹಾಕಿದರೆ ಒತ್ತಡ ಎಷ್ಟೋ ಪಟ್ಟು ಏರುತ್ತದೆ. ಹಳೇ ನಳಿಗೆ ತಡೆಯುವುದಿಲ್ಲ. ತಡೆಯಲಿಲ್ಲ. ಎಡಗೈಯ ಎರಡು ಬೆರಳು ಹೋದವು. ಆಮೇಲೆ ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನೇ ನಾನು ನೋಡುತ್ತಾ ಕೂರುತ್ತಿದ್ದೆ.

ಅಳತೆ ಪಾತ್ರೆಗೆ ತನ್ನೊಳಗೆ ಏನು ಬಿದ್ದಿದೆ ಅಂತ ಗೊತ್ತಾಗುವುದಿಲ್ಲ. ಗೊತ್ತಿರಬೇಕಾದವನು ಅಳೆಯುವವನು. ಬೆಳಿಗ್ಗೆ ಎದ್ದು ನೋಡಿದರೆ ಹಾಪರಿನಲ್ಲಿರುವ ಕಪ್ಪು ಕಾಳು ಯಾವುದು ಅಂತ ಕಣ್ಣಿನಿಂದ ಹೇಳಲಾಗದು. ಅದಕ್ಕೇ ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬ ಇರಬೇಕು, ಕೆಲಸ ಮುಗಿದ ಕೂಡಲೇ ಉಳಿದ ಮದ್ದು ತನ್ನ ಡಬ್ಬಕ್ಕೇ ವಾಪಸ್ ಹೋಗಬೇಕು. ಇಷ್ಟು ಹೇಳಿದ ಮೇಲೆ ಹುಡುಗ ಎದ್ದು ಹಾಪರ್ ಖಾಲಿ ಮಾಡಿದ. ಊಟ ತಣ್ಣಗಾಗಿತ್ತು, ಅವನ ಹೆಂಡತಿ ನನ್ನನ್ನೇ ನೋಡಿದಳು.

ಇನ್ನೊಂದು ಅಪಾಯವೂ ಇದೆ. ಒಂದೇ ಕೇಸಿಗೆ ಎರಡು ಸಲ ಎಳೆಯುವುದು. ಪಿಸ್ತೂಲಿನ ಕೇಸಿಗೆ ಬೇಕಾಗುವ ಮದ್ದು ತೀರಾ ಕಮ್ಮಿ, ಎರಡು ಪಾಲು ಬಿದ್ದರೂ ಒಳಗೇ ಅಡಗಿಬಿಡುತ್ತದೆ. ಕಡ್ಡಿ ಮದ್ದು ಕೊಳವೆಯಲ್ಲಿ ಸಿಕ್ಕಿಕೊಂಡರೆ ಒಂದು ಕೇಸಿಗೆ ಅರ್ಧ, ಮುಂದಿನದಕ್ಕೆ ಒಂದೂವರೆ. ಗುಂಡು ಕೂರಿಸುವ ಮೊದಲು ಐವತ್ತು ಕೇಸುಗಳನ್ನೂ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಟಾರ್ಚ್ ಹಾಕಿ ಒಂದೊಂದರೊಳಗೂ ಇಣುಕಿದ. ಇದನ್ನು ನಾನು ಹೇಳಿಕೊಡಬೇಕಾಗಲಿಲ್ಲ.

ಅಜ್ಜ ಮದ್ದು ತುಂಬಿಟ್ಟ ಕೊಂಬಿನಿಂದ ನೇರ ನಳಿಗೆಗೆ ಮದ್ದು ಸುರಿಯುತ್ತಿರಲಿಲ್ಲ. ಮೊದಲು ಚಿಪ್ಪಿಗೆ, ಚಿಪ್ಪಿನಿಂದ ನಳಿಗೆಗೆ. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಹೊತ್ತಿಕೊಳ್ಳುವುದು ಚಿಪ್ಪಿನಷ್ಟು ಮಾತ್ರ, ಕೊಂಬಿಡೀ ಅಲ್ಲ. ಕರಿಮದ್ದು ಕಿಡಿಗೆ ಬೇಗ ಹೊತ್ತಿಕೊಳ್ಳುತ್ತದೆ. ಅಳಿಯನ ಮೆಷರಿಗೆ ಕರಿಮದ್ದು ಹಾಕಲೇಬಾರದು, ಅದಕ್ಕೆ ಕಿಡಿ ಹಾರದ ಬೇರೆಯದೇ ಮೆಷರ್ ಬರುತ್ತದೆ.

ಊರಿಗೆ ಬಂದು ಇದನ್ನೆಲ್ಲ ಹೇಳಿದ್ದೇ ತಪ್ಪಾಯಿತು. "ನಿಮ್ಮ ಅಳಿಯನಿಗೆ ಒಂದು ತರೋಕೆ ಹೇಳಿ, ತೋಟಾ ರೇಟು ನೋಡಿದ್ದೀರಾ" ಅಂತ ಇಬ್ಬರು ಕೇಳಿದರು. ತಮ್ಮಂದಿರಾ, ಬೇಡ. 1959ರ ಆಯುಧ ಕಾಯ್ದೆಯ ಪ್ರಕಾರ ತೋಟಾ ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ನಮ್ಮ ಕೈಲಿರುವುದು ಕೋವಿ ಇಟ್ಟುಕೊಳ್ಳುವ ಲೈಸೆನ್ಸ್. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಅಂತಾರೆ. ಅದು ಕೋವಿ ಇಟ್ಟುಕೊಳ್ಳುವ ವಿಷಯದ್ದು, ಅಲ್ಲಿನ ಕೊಡವರಿಗೆ, ಜಮ್ಮಾ ಅನ್ನುವ ಹಳೇ ವಂಶಪಾರಂಪರ್ಯ ಭೂ ಹಿಡುವಳಿಯವರಿಗೆ. ಸಕಲೇಶಪುರ, ಮೂಡಿಗೆರೆಯ ನಮಗೆ ಅದಿಲ್ಲ. ಚುನಾವಣೆ ಬಂದರೆ ಕೋವಿ ಹೊತ್ತು ಠಾಣೆಗೆ ಹೋಗಿ ರಸೀದಿ ತಗೊಂಡು ಬರುವವರು ನಾವು. ಆನೆ ಬಂದಾಗ ಪಟಾಕಿಯೇ ಗತಿ.

ಮೊನ್ನೆ ಅಳಿಯ ವೀಡಿಯೊ ಕಾಲ್ ಮಾಡಿದ್ದ. "ಮಾವ, ಮುತ್ತಜ್ಜನ ಚಿಪ್ಪು ಎಷ್ಟು ಕರಾರುವಾಕ್ಕು ನೋಡೋಣ, ಅಳೀರಿ" ಅಂದ. ಮದ್ದು ಎಲ್ಲಿಂದ ತರಲಿ? ರಾಗಿ ತಂದೆ. ಹೆಂಡತಿ ಕಾಫಿ ಪುಡಿ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟುಕೊಂಡು ಹತ್ತು ಸಲ ತೋಡಿದೆ. ಒಮ್ಮೆ 4.1 ಗ್ರಾಂ, ಒಮ್ಮೆ 4.4, ಒಮ್ಮೆ 4.0. ಆರು ಗ್ರೇನ್ ವ್ಯತ್ಯಾಸ! ಅವನು ಆ ಕಡೆ ಬಿದ್ದು ಬಿದ್ದು ನಗುತ್ತಿದ್ದ. ರೋಷ ಬಂತು. ಈ ಸಲ ಪ್ರತಿ ಬಾರಿ ಚಿಪ್ಪನ್ನು ಮೇಜಿಗೆ ಎರಡು ಸಲ ತಟ್ಟಿ, ಮೇಲೆ ಚಾಕುವಿನ ಬೆನ್ನು ಎಳೆದು ಸಪಾಟು ಮಾಡಿದೆ. ಹತ್ತರಲ್ಲಿ ಎಂಟು ಸಲ 4.3, ಎರಡು ಸಲ 4.4. ನಗು ನಿಂತಿತು.

ಇನ್ನೊಂದು ಹತ್ತು ಸಲ ನೋಡೋಣ ಅಂತಿದ್ದೆ. ಒಳಗಿನಿಂದ ಕೂಗು ಬಂತು, ನಾಲ್ಕು ಗಂಟೆ ಕಾಫಿಗೆ ತಕ್ಕಡಿ ಬೇಕಂತೆ.